ಬಾಗಿಲು ತೆರೆದರೆ ಸಾಲದು, ಕೆಲಸವನ್ನೂ ಕಲಿಸಬೇಕು

ಅಣಶಿ ಎಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಘಟ್ಟ, ಕಾಡು ಮತ್ತು ಹುಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿ, ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿರುವ ಈ ಸೀಮೆಯ ಚಿತ್ರಗಳು ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಧಾರಾಳವಾಗಿ ಕಾಣಸಿಗುತ್ತವೆ. ಆದರೆ ಆ ಚಿತ್ರ ತೆಗೆದವರು, ಬರಹ ಸಿದ್ಧಪಡಿಸಿದವರು, ವಿನ್ಯಾಸ ಮಾಡಿದವರ ಪೈಕಿ ಜೋಯಿಡಾದ ಕುಣಬಿ ಯುವಕರೆಷ್ಟು? ಹಳಿಯಾಳದ ಸಿದ್ದಿ ಯುವತಿಯರೆಷ್ಟು? ದಾಂಡೇಲಿಯ ಮುಸ್ಲಿಮ್ ಕಾರ್ಮಿಕರ ಮಕ್ಕಳೆಷ್ಟು?

ಜಾಹೀರಾತು, ವಿನ್ಯಾಸ, ವೀಡಿಯೊ ಮತ್ತು ಪ್ರಕಾಶನದ ಸಣ್ಣ ಕಂಪೆನಿಗಳಲ್ಲಿ ನೇಮಕಾತಿ ನಡೆಯುವುದು ಹೆಚ್ಚಾಗಿ ಪರಿಚಯದ ಮೂಲಕ. ಅಲ್ಲಿಗೆ ಪ್ರವೇಶದ್ವಾರವೇ ಇಂಟರ್ನ್‌ಶಿಪ್. ಅದು ಸಂಬಳವಿಲ್ಲದ್ದಾದರೆ, ನಗರದಲ್ಲಿ ಸ್ವಂತ ಮನೆಯಿರುವವರ ಮಕ್ಕಳಿಗೆ ಮಾತ್ರ ಎಟಕುತ್ತದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೋಣೆ ಬಾಡಿಗೆ, ಊಟ, ಬಸ್ ಖರ್ಚು ಭರಿಸಿ ಆರು ತಿಂಗಳು ಪುಕ್ಕಟೆ ದುಡಿಯಲು ಅಣಶಿಯ ಬಡ ಕುಟುಂಬದ ಮಗುವಿಗೆ ಸಾಧ್ಯವೇ? ಯಾರೂ ಅವನನ್ನು ತಡೆಯುವುದಿಲ್ಲ. ಆದರೂ ಅವನು ಹೊರಗೇ ಉಳಿಯುತ್ತಾನೆ.

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಮೀಸಲಾತಿ ಖಾಸಗಿ ಸ್ಟುಡಿಯೋದ ಹೊಸ್ತಿಲು ದಾಟುವುದಿಲ್ಲ. ಮುಸ್ಲಿಮರ ಹಿಂದುಳಿದಿರುವಿಕೆಯನ್ನು ಅಂಕಿ ಅಂಶ ಸಹಿತ ದೇಶದ ಮುಂದಿಟ್ಟ ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂತು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ನಡೆಸಿದ ಸಮೀಕ್ಷೆಯಲ್ಲಿ ಮಾಧ್ಯಮ ಸಂಸ್ಥೆಗಳ 121 ಉನ್ನತ ಹುದ್ದೆಗಳ ಪೈಕಿ 106 ಮೇಲ್ಜಾತಿಯವರ ಬಳಿ ಇದ್ದವು. ದಲಿತ, ಆದಿವಾಸಿ ಒಬ್ಬರೂ ಇರಲಿಲ್ಲ. ಕತೆ ಹೇಳುವವರು ಒಂದೇ ವರ್ಗದವರಾದಾಗ ಉಳಿದವರು ಬರೇ ಚಿತ್ರದ ವಸ್ತುಗಳಾಗುತ್ತಾರೆ.

ಪ್ರತಿಭೆಯ ಕೊರತೆ ಎಂಬ ನೆಪ ಇಲ್ಲಿ ನಿಲ್ಲದು. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಪ್ರಶಾಂತ್ ಸಿದ್ದಿ ಕನ್ನಡ ಚಿತ್ರರಂಗದಲ್ಲಿ ಹೆಸರು ಮಾಡಿದ್ದಾರೆ. ಒಂದು ಹಳ್ಳಿಯ ಸಂಸ್ಥೆ ಕಲಿಸುವ ಮನಸ್ಸು ಮಾಡಿದರೆ ಇಷ್ಟು ಸಾಧ್ಯ.

ಆದ್ದರಿಂದ ವೈವಿಧ್ಯ ಎಂಬ ಪದವನ್ನು ಅಲಂಕಾರಕ್ಕೆ ಬಳಸುವುದು ಬೇಡ. ತಿಂಗಳ ಭತ್ಯೆ ಇರಲಿ. ಕಲಿಸುವ ಹೊಣೆ ನಿರ್ದಿಷ್ಟ ವ್ಯಕ್ತಿಯ ಮೇಲಿರಲಿ. ಚಹಾ ತರುವ, ಕಾಗದ ಜೋಡಿಸುವ ಕೆಲಸದಲ್ಲೇ ಅವಧಿ ಮುಗಿಯದಿರಲಿ. ಮಾಡಿದ ಕೆಲಸದಲ್ಲಿ ಕಲಿಕಾರ್ಥಿಯ ಹೆಸರಿರಲಿ. ಊರು ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿಯ ಏರ್ಪಾಡಾಗಲಿ. ಇಬ್ಬರನ್ನು ತೆಗೆದುಕೊಂಡು ಹತ್ತಿರದಿಂದ ಕಲಿಸುವುದು, ಹತ್ತು ಮಂದಿಯನ್ನು ಸೇರಿಸಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಮೇಲು.

ಹಣ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದುದೇ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ಬೃಹತ್ ಕಂಪೆನಿಗಳನ್ನು ನೆಚ್ಚಿ ರೂಪುಗೊಂಡಿತು. ಐದಾರು ಜನರ ಸ್ಟುಡಿಯೋ ಅದರ ಲೆಕ್ಕಕ್ಕೆ ಬರಲಿಲ್ಲ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಾದ ತಿದ್ದುಪಡಿ, ನಾಲ್ಕು ಮಂದಿ ದುಡಿಯುವ ಸಂಸ್ಥೆಗೂ ಸ್ವಇಚ್ಛೆಯಿಂದ ಅಪ್ರೆಂಟಿಸರನ್ನು ನೇಮಿಸಿಕೊಳ್ಳುವ ಅವಕಾಶ ನೀಡಿತು. ಭತ್ಯೆಯ ಒಂದು ಪಾಲನ್ನು ಭರಿಸುವ ಕೇಂದ್ರದ ಯೋಜನೆ 2016ರಲ್ಲೇ ಜಾರಿಗೆ ಬಂದಿತ್ತು. ಈ ದಾರಿಯನ್ನು ಸಣ್ಣ ಉದ್ಯಮಿಗಳಿಗೆ ತೋರಿಸಿಕೊಡುವ ಕೆಲಸವನ್ನು ರಾಜ್ಯ ಸರಕಾರ ವಹಿಸಿಕೊಳ್ಳಬೇಕು.

ಸಮುದಾಯದ ಪಾಲೂ ಇದರಲ್ಲಿದೆ. ನಮ್ಮ ಪಟ್ಟಣಗಳಲ್ಲಿ ಮುದ್ರಣಾಲಯ, ಫೋಟೋ ಸ್ಟುಡಿಯೋ, ವಿನ್ಯಾಸದ ಅಂಗಡಿ ನಡೆಸುವ ಮುಸ್ಲಿಮರು ಕಡಿಮೆಯೇನಿಲ್ಲ. ನಮ್ಮ ಮಕ್ಕಳಿಗೆ ಇತರರು ಬಾಗಿಲು ತೆರೆಯಲಿ ಎಂದು ಕೇಳುವ ನಾವು, ಅಣಶಿಯ ಕುಣಬಿ ಹುಡುಗಿಗೆ, ಹಳಿಯಾಳದ ಸಿದ್ದಿ ಹುಡುಗನಿಗೆ ನಮ್ಮ ಬಾಗಿಲನ್ನೂ ತೆರೆಯಬೇಕು. ನ್ಯಾಯವನ್ನು ನಮ್ಮವರಿಗಷ್ಟೇ ಕೇಳಿದರೆ ಅದು ಬೇಡಿಕೆ. ಎಲ್ಲರಿಗೂ ಕೇಳಿದಾಗಲೇ ಅದು ನ್ಯಾಯ.