ಮಾತಿನಲ್ಲಿ ಕಡೆದ ಪೆಟ್ಟಿಗೆ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಗಣಕದಾಟದಲ್ಲಿ ಚಿತ್ರವೇ ಇರಲಿಲ್ಲ. ಹಲವರು ಏಕಕಾಲಕ್ಕೆ ಸಂಚರಿಸುತ್ತಿದ್ದ ಆ ಲೋಕವೆಲ್ಲ ಬರಿಯ ಮಾತು. ಅಂಥ ಆಟಕ್ಕೆ ನಮ್ಮ ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಯೊಂದನ್ನು ವರ್ಣಿಸಬೇಕೆನ್ನೋಣ. ‘ಮನೋಹರವಾದ ಪೆಟ್ಟಿಗೆ, ಕಂಡೊಡನೆ ಬೆರಗಾಗುವಿರಿ’ ಎಂಬ ಬರಹ ನನಗೆ ಒಪ್ಪದು. ಬೆರಗು ನೋಡುವವನ ಸ್ಥಿತಿಯೇ ಹೊರತು ಪೆಟ್ಟಿಗೆಯ ಗುಣವಲ್ಲ. ಹತ್ತನೆಯ ಬಾರಿ ನೋಡುವವನಿಗೆ ಅದು ಸುಳ್ಳಾದೀತು. ಅಂಗೈಯಗಲ, ಹಳದಿಗಂದು ಬಣ್ಣ, ಮುಚ್ಚಳದ ಮೇಲೆ ಬಳ್ಳಿಯ ಕೆತ್ತನೆ, ಮೆಲುವಾದ ಪರಿಮಳ—ಇಷ್ಟು ಸಾಕು. ಆದರೆ ಮುಚ್ಚಳವೆಂದು ಬರೆದ ಮೇಲೆ ಅದು ತೆರೆಯಲೇಬೇಕು. ಆಟಗಾರನು ‘ಮುಚ್ಚಳ ತೆರೆ’ ಎಂದು ಆಜ್ಞೆಯಿತ್ತಾಗ ‘ಅಂಥ ವಸ್ತು ಇಲ್ಲಿಲ್ಲ’ ಎಂದು ಯಂತ್ರವು ಉತ್ತರಿಸಿದರೆ, ಬರೆದವನ ಮಾತಿನಲ್ಲಿ ಮತ್ತೆ ನಂಬಿಕೆ ಹುಟ್ಟದು. ಒಳಗೇನಿದೆಯೆಂಬುದನ್ನಂತೂ ಮುಚ್ಚಿದ ಪೆಟ್ಟಿಗೆಯ ವರ್ಣನೆಯಲ್ಲಿ ಹೇಳಕೂಡದು.