ಮಾಲೀಸಿಗೆ ಮುನ್ನ ಒಂದು ವಿಚಾರಣೆ

ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರ ಮೈ ನೀವುವುದು ಹಳೆಯ ಪದ್ಧತಿ. ಈಗ ದೂರದ ಓಟ ಮುಗಿಸಿದ ಹವ್ಯಾಸಿಗಳೂ ಮಾಲೀಸಿಗೆ ಮೈಯೊಡ್ಡುತ್ತಿದ್ದಾರೆ. ದಣಿದ ದೇಹಕ್ಕೆ ಆರೈಕೆ ಸಿಗುವುದು ಒಳ್ಳೆಯದೇ. ಆದರೆ ಅದರ ಬಗ್ಗೆ ಹೇಳುವುದೆಲ್ಲ ನಿಜವಲ್ಲ. ಮಾಲೀಸು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆ ಎಂಬ ಮಾತನ್ನೇ ನೋಡಿ. ಓಟ ನಿಂತ ಒಂದೆರಡು ಗಂಟೆಯೊಳಗೆ ದೇಹವೇ ಅದನ್ನು ಬಳಸಿ ಮುಗಿಸಿರುತ್ತದೆ. ಮರುದಿನದ ನೋವಿಗೆ ಅದು ಕಾರಣವೂ ಅಲ್ಲ. 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2020ರ ವಿಶ್ಲೇಷಣೆಯಲ್ಲಿ, ಮಾಲೀಸಿನಿಂದ ವೇಗವಾಗಲಿ ಬಲವಾಗಲಿ ಹೆಚ್ಚುವುದಕ್ಕೆ ಪುರಾವೆ ಸಿಗಲಿಲ್ಲ. ಸ್ನಾಯುನೋವು ತುಸು ತಗ್ಗುತ್ತದೆ, ಮೈ ತುಸು ಸಲೀಸಾಗಿ ಬಾಗುತ್ತದೆ. ವಾರವಿಡೀ ಅಭ್ಯಾಸ ಮಾಡುವವರಿಗೆ ಇದೇನೂ ಸಣ್ಣ ಲಾಭವಲ್ಲ.

ನಮ್ಮ ಆತಂಕ ಬೇರೆ. ಊರ ಕಬಡ್ಡಿ ಪಂದ್ಯಗಳಲ್ಲಿ ಸ್ನಾಯು ಹರಿದ ಹುಡುಗನ ತೊಡೆಯನ್ನು ಅಲ್ಲೇ ಬಲವಾಗಿ ತಿಕ್ಕುವುದುಂಟು. ಪೆಟ್ಟಾದ ಮೊದಲ ಎರಡು ಮೂರು ದಿನ ಹಾಗೆ ಮಾಡಿದರೆ ಒಳಗಿನ ರಕ್ತಸ್ರಾವ ಹೆಚ್ಚಬಹುದು. ಇನ್ನೂ ಅಪಾಯಕಾರಿಯಾದುದು ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುವುದು. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಅಲ್ಲಿ ಒತ್ತಿದರೆ ಹೆಪ್ಪು ಕಳಚಿ ಶ್ವಾಸಕೋಶ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು. ಅಂಥವರನ್ನು ನೇರ ವೈದ್ಯರ ಬಳಿಗೆ ಕಳಿಸಬೇಕು. ಜ್ವರ, ಚರ್ಮದ ಸೋಂಕು, ತೆರೆದ ಗಾಯ ಇದ್ದಾಗಲೂ ಮಾಲೀಸು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ಮಾಲೀಸು ಮಾಡುವವರೂ ಕೇಳಬೇಕು. ಪಂದ್ಯದ ಸಂಘಟಕರು ಎಣ್ಣೆ ಬಾಟಲಿಯ ಜೊತೆಗೆ ತರಬೇತಾದ ಫಿಸಿಯೋಥೆರಪಿಸ್ಟ್ ಒಬ್ಬರನ್ನೂ ಮೈದಾನದಲ್ಲಿ ಇರಿಸಲಿ.