ಬೆಳೆದ ಬೆಕ್ಕಿಗೆ ಯಾವ ಮನೆ?

ರಾಯಚೂರು ನಗರದ ಒಂದು ಮನೆ ಎಂದಿಟ್ಟುಕೊಳ್ಳಿ. ಖಾಲಿ ನೀರಿನ ತೊಟ್ಟಿಗೆ ಬಿದ್ದು ಮೇಲೆ ಹತ್ತಲಾರದೆ ಅರಚುತ್ತಿದ್ದ ಬೆಕ್ಕೊಂದನ್ನು ಒಂಬತ್ತನೇ ತರಗತಿಯ ಹುಡುಗಿ ಎತ್ತಿ ತಂದಿದ್ದಾಳೆ. ಮರಿಯಲ್ಲ, ಮೂರು ನಾಲ್ಕು ವರ್ಷದ ಬೆಕ್ಕು. ಓಣಿಯಲ್ಲೆಲ್ಲ ವಿಚಾರಿಸಿದರೂ ನಮ್ಮದೆಂದು ಯಾರೂ ಬರಲಿಲ್ಲ. ಆದರೆ ಮನೆಯಲ್ಲಿ ತಮ್ಮನಿಗೆ ಉಬ್ಬಸ. ಬೆಕ್ಕಿನ ಜೊಲ್ಲು, ಚರ್ಮಗಳಲ್ಲಿರುವ ಒಂದು ಪ್ರೋಟೀನು ಕೆಲವರಿಗೆ ಆಗಿಬರುವುದಿಲ್ಲ. ಇಟ್ಟುಕೊಳ್ಳುವಂತಿಲ್ಲ.

"ಚೀಲದಾಗ ಹಾಕಿ ಹೊಳಿ ದಾಟಿಸಿ ಬಿಟ್ಟುಬರ್ರಿ, ಎಲ್ಯಾರ ಬದುಕ್ತದ" ಎನ್ನುತ್ತಾರೆ ಅಜ್ಜಿ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ದಾಟಿಸಲು ಹೊಳೆಗೇನೂ ಕೊರತೆಯಿಲ್ಲ. ಬದುಕುತ್ತದೆಯೇ ಎಂಬುದು ಪ್ರಶ್ನೆ.

ಬೆಕ್ಕು ಏಳು ಮನೆ ತಿರುಗುತ್ತದೆ ಎಂಬ ಮಾತು ಕೇಳಿ, ಅದಕ್ಕೆ ಮನೆಯ ಮೋಹವಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ತಾಯಿ ಬೆಕ್ಕು ಜಾಗ ಬದಲಿಸುವುದು ಮರಿಗಳ ರಕ್ಷಣೆಗಾಗಿ. ಉಳಿದಂತೆ ಬೆಕ್ಕು ತನ್ನ ನೆಲಕ್ಕೆ ಅಂಟಿಕೊಂಡ ಪ್ರಾಣಿ. ಬಾಗಿಲು, ಕಂಬಗಳಿಗೆ ಕೆನ್ನೆ ಉಜ್ಜುವಾಗ ಅದು ತನ್ನ ವಾಸನೆಯ ಗುರುತು ಹಾಕುತ್ತಿರುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ 1922ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 4 ಮೈಲಿಯವರೆಗಿನ ದೂರದಲ್ಲಿ ಬಿಟ್ಟ ತಾಯಿ ಬೆಕ್ಕು ಮರಿಗಳಿದ್ದ ಮನೆಗೆ ಮರಳಿ ಬಂದಿತ್ತು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಬೆಕ್ಕಿಗೆ ಅಡಗುವ ಮೂಲೆ ಗೊತ್ತಿಲ್ಲ, ನೀರಿನ ಜಾಗ ಗೊತ್ತಿಲ್ಲ. ಅಲ್ಲಿನ ಬೆಕ್ಕುಗಳು ಹೊಡೆದಟ್ಟುತ್ತವೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹುಡುಗಿಗೆ ಎರಡು ಮನೆಗಳ ಒಪ್ಪಿಗೆ ಸಿಕ್ಕಿದೆ ಎನ್ನೋಣ. ಮಾನ್ವಿಯಲ್ಲಿ ಸೋದರಮಾವನ ಅಕ್ಕಿ ಗಿರಣಿ. ಇಲಿಗಳ ಕಾಟ, "ಇವತ್ತೇ ತಾ" ಎನ್ನುತ್ತಾರೆ. ದೇವದುರ್ಗದಲ್ಲಿ ಸೋದರತ್ತೆ, ಮನೆ ತುಂಬ ಜನವಿಲ್ಲ, ಬೇರೆ ಬೆಕ್ಕು ನಾಯಿಗಳೂ ಇಲ್ಲ.

ಗಿರಣಿಯೇ ಸರಿ ಎಂದು ತೋರುವುದು ಸಹಜ. ಆದರೆ ಮಾವನನ್ನು ಒಂದು ಮಾತು ಕೇಳಬೇಕು: ಇಲಿಪಾಷಾಣ ಇಡುತ್ತೀರಾ? ಬ್ರೋಮಾಡಿಯೋಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಕೆಲವು ದಿನ ನಿತ್ರಾಣವಾಗಿ ಓಡಾಡುತ್ತದೆ. ಓಡಲಾರದ ಇಲಿಯೇ ಬೆಕ್ಕಿಗೆ ಮೊದಲು ಸಿಗುವುದು. ಇಲಿಯ ಹೊಟ್ಟೆಯ ವಿಷ ಬೆಕ್ಕಿನ ಹೊಟ್ಟೆಗೆ! ವಿಷವನ್ನೂ ಬೆಕ್ಕನ್ನೂ ಒಂದೇ ಗೋದಾಮಿನಲ್ಲಿ ಇಡಲಾಗದು.

ಅತ್ತೆಯ ಮನೆಯಲ್ಲೂ ಒಂದು ತೊಡಕಿದೆ. ಹಾಲನ್ನ ಹಾಕಿದರೆ ಸಾಕೆಂದು ಅವರ ನಂಬಿಕೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲಿಗೆ ಹೆದರಿದ್ದು ಬಾಯಿ ಸುಟ್ಟದ್ದರಿಂದ. ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ನಿಜವಾಗಿಯೂ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮೀನು, ಮಾಂಸಗಳಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ, ಹೃದಯ ಎರಡೂ ಕೆಡುತ್ತವೆ. ಅತ್ತೆ ಇದಕ್ಕೆ ಒಪ್ಪಿದರೆ ದೇವದುರ್ಗವೇ ವಾಸಿ. ಗಿರಣಿಯ ಸದ್ದಿನಲ್ಲಿ ಹೊಸ ಬೆಕ್ಕು ನಿಲ್ಲುವುದು ಕಷ್ಟ.

ಕೊಡುವಾಗ ಬೆಕ್ಕಿನ ದೋಷಗಳನ್ನು ಮುಚ್ಚಿಡಬಾರದು. ಎತ್ತಿಕೊಂಡರೆ ಪರಚುತ್ತದೆ ಎಂದರೆ ಹಾಗೆಂದೇ ಹೇಳಬೇಕು. ಮದುವೆ ಮಾತುಕತೆಯಲ್ಲಿ ಆಗುವಂತೆ ಇಲ್ಲಿಯೂ ಮುಚ್ಚಿಟ್ಟದ್ದು ವಾರದೊಳಗೆ ಹೊರಬೀಳುತ್ತದೆ, ಬೆಕ್ಕು ವಾಪಸು ಬರುತ್ತದೆ. ಮೊದಲೇ ಪಶುವೈದ್ಯರಿಗೆ ತೋರಿಸಿ ರೇಬಿಸ್ ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿ. ನಾಯಿಯಿಂದ ಮಾತ್ರ ರೇಬಿಸ್ ಎಂಬುದು ತಪ್ಪು ತಿಳಿವಳಿಕೆ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಇದನ್ನು ಮನೆಯಲ್ಲಿ ಬಚ್ಚಿಡಬಾರದು.

ಬೇಸಿಗೆಯಾದರೆ ಬೆಳಗಿನ ಮೊದಲ ಬಸ್ಸೇ ಲೇಸು. ಬೆಕ್ಕು ಬೆವರುವುದು ಮುಖ್ಯವಾಗಿ ಪಾದಗಳಲ್ಲಿ; ರಾಯಚೂರಿನ ಬಿಸಿಲಿಗೆ ಅದು ಸಾಲದು. ಗೋಣಿಚೀಲ ಬೇಡ, ಮುಚ್ಚಳವಿರುವ ಬಿದಿರಿನ ಬುಟ್ಟಿ ಇರಲಿ. ಒಳಗೆ ಅದು ಮಲಗುತ್ತಿದ್ದ ಹಳೆಯ ಬಟ್ಟೆ ಹಾಸಬೇಕು, ಒಗೆಯದೆ.

ದೇವದುರ್ಗದಲ್ಲಿ ಎರಡು ಮೂರು ವಾರ ಒಂದೇ ಕೋಣೆಯಲ್ಲಿಟ್ಟು ನೀರು, ಊಟ, ಮರಳಿನ ತಟ್ಟೆ ಅಲ್ಲೇ ಇಡಬೇಕು. ಮೊದಲ ದಿನಗಳಲ್ಲಿ ಮಂಚದ ಕೆಳಗಿನಿಂದ ಹೊರಬರದಿದ್ದರೆ ಎಳೆಯಬಾರದು. ಆದರೆ ಒಂದೆರಡು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಬೇಕು. ಬಳಿಕ ಬಾಗಿಲು ತೆರೆಯುವ ದಿನ, ಊಟಕ್ಕೆ ಮುಂಚೆ ತೆರೆಯಬೇಕು. ಹಸಿದ ಬೆಕ್ಕು ಅಂಗಳದ ಕಟ್ಟೆಯವರೆಗೆ ಹೋಗಿ, ತಟ್ಟೆಯ ಸದ್ದಿಗೆ ತಿರುಗಿ ಬರುತ್ತದೆ.